ಗಂಧಕದ ಬಟ್ಟೆಗೆ ಹಿತ್ತಲ ಹಗ್ಗ

ನನ್ನ ಹೆಸರು ಕೇಳುವುದಕ್ಕೆ ಮೊದಲೇ ಆ ಹೆಂಗಸು ನನ್ನನ್ನು ಮೂಸಿ ನೋಡಿದರು. ಹೂಡಿಯಲ್ಲಿ ಒಂಟಿ ಕೋಣೆಯ ಮನೆಯೊಂದು ಖಾಲಿಯಿದೆ ಎಂದು ಯಾರೋ ಹೇಳಿದ್ದರಿಂದ ಗೇಟು ತಟ್ಟಿದ್ದೆ. ಬಾಗಿಲು ತೆರೆದವರು ಹತ್ತಿರ ಬಂದು, ಮೂಗರಳಿಸಿ, ನನ್ನ ಭುಜದ ಬಳಿ ಒಮ್ಮೆ ಉಸಿರೆಳೆದುಕೊಂಡು, ಆಮೇಲೆ ಕೇಳಿದರು: “ಮೊಟ್ಟೆ ತಿಂತೀರಾ?”

ನಮ್ಮ ಆಳಂದದ ಕಡೆ ಅಪರಿಚಿತರು ಬಾಗಿಲಿಗೆ ಬಂದರೆ ಮೊದಲು ಒಂದು ಚರಿಗೆ ನೀರು, ಆಮೇಲೆ ಯಾವೂರು, ಯಾರ ಪೈಕಿ ಎಂಬ ವಿಚಾರಣೆ. ಇಲ್ಲಿ ವಿಚಾರಣೆ ಮೂಗಿನಿಂದಲೇ ಶುರು. ನಾನು ಗಾಬರಿಯಲ್ಲಿ, “ಇಲ್ರೀ ಅಕ್ಕಾರ, ನಾವು ಲಿಂಗಾಯತರು” ಎಂದೆ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ನೋಡಿ ಅವರ ಮುಖ ಸಡಿಲವಾಯಿತು. “ಹಂಗಿದ್ರೆ ಸರಿ. ಅಕ್ಕಾರ ಗಿಕ್ಕಾರ ಬೇಡ, ಆಂಟಿ ಅನ್ನು ಸಾಕು” ಎಂದರು. ಹಾಗೆ ನನಗೆ ಬೆಂಗಳೂರಿನಲ್ಲಿ ಮನೆ ಸಿಕ್ಕಿತು.

ಅವರು ಸರೋಜಮ್ಮ. ಗಂಡ ರಾಮಚಂದ್ರಯ್ಯನವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮಿಷಿನ್ ಶಾಪಿನಲ್ಲಿ ದುಡಿದು ನಿವೃತ್ತರಾದವರು; ಈಗಲೂ ಬೆಳಗ್ಗೆ ಕಾರ್ಖಾನೆಯ ಸೈರನ್ನಿನ ಹೊತ್ತಿಗೆ ಎದ್ದು, ಹೋಗುವುದಕ್ಕೆ ಜಾಗವಿಲ್ಲದೆ ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಆಂಟಿಯ ಮೂಗು ಬೀದಿಯಲ್ಲೆಲ್ಲ ಪ್ರಸಿದ್ಧ. ಪಕ್ಕದ ಮನೆಯ ಹಾಲು ಒಡೆಯುವುದು ಅವರಿಗಿಂತ ಮೊದಲು ಇವರಿಗೆ ತಿಳಿಯುತ್ತಿತ್ತು.

ಅದು ತೊಂಬತ್ತರ ದಶಕದ ಕೊನೆಯ ಭಾಗ. ಹೂಡಿ ಆಗಿನ್ನೂ ಅರ್ಧ ಹಳ್ಳಿ. ಒಂದು ಬದಿಗೆ ದ್ರಾಕ್ಷಿ ತೋಟ, ನೀಲಗಿರಿ ತೋಪು. ಇನ್ನೊಂದು ಬದಿಗೆ ಗಾಜಿನ ಗೋಡೆಯ ಕಟ್ಟಡಗಳು ಏಳುತ್ತಿದ್ದವು. ಮಹದೇವಪುರದಿಂದ ಬರುವ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ತಮಿಳು, ತೆಲುಗು, ಉರ್ದು ಎಲ್ಲ ಕುಳಿತಿರುತ್ತಿದ್ದವು. ನನ್ನ ಕನ್ನಡ ಕೇಳಿ ಕಂಡಕ್ಟರು, “ಮೇಡಂ, ಯಾವ ಕಡೆಯೋರು ನೀವು? ನಿಮ್ ಕನ್ನಡ ಸಕ್ಕತ್ತಾಗಿದೆ, ಆದ್ರೆ ಏನಂದ್ರಿ ಅಂತ ಗೊತ್ತಾಗ್ಲಿಲ್ಲ” ಎಂದಿದ್ದ. ನಮ್ಮ ಕಡೆ ಧೂಳು ಕೆಂಪಗೋ ಕಪ್ಪಗೋ ನೆಲದಿಂದ ಏಳುತ್ತದೆ, ಕೊಡವಿದರೆ ಹೋಗುತ್ತದೆ. ಇಲ್ಲಿ ಕಪ್ಪು ಲಾರಿ, ಬಸ್ಸುಗಳ ಹಿಂಬದಿಯಿಂದ ಬರುತ್ತಿತ್ತು. ಮೊದಲ ವಾರವೇ ಕಣ್ಣು ಉರಿದು, ಗಂಟಲು ಕೆರೆದು, ಬಿಳಿಯ ಕರವಸ್ತ್ರದಲ್ಲಿ ಮೂಗು ಒರೆಸಿದರೆ ಮಸಿ.

ಆ ಮಸಿಯ ಹಿಂದೆಯೇ ನಾನು ಬಂದದ್ದು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ವೈಟ್‌ಫೀಲ್ಡ್ ರಸ್ತೆಯ ಒಂದು ಚಿಕ್ಕ ಖಾಸಗಿ ಪ್ರಯೋಗಾಲಯ ಸೇರಿದ್ದೆ. ಡೀಸೆಲ್ಲಿನೊಳಗೆ ಗಂಧಕ ಅಡಗಿರುತ್ತದೆ. ಎಂಜಿನ್ನಿನಲ್ಲಿ ಅದು ಸುಟ್ಟಾಗ ಕಣ್ಣು, ಗಂಟಲು ಕೆರೆಯುವ ಹುಳಿ ಹೊಗೆಯಾಗುತ್ತದೆ. ಆ ಗಂಧಕವನ್ನು ಮೊದಲೇ ತೆಗೆದುಬಿಡಬೇಕೆಂಬ ಮಾತು ದೇಶದಲ್ಲಿ ಆಗತಾನೇ ಬಲವಾಗುತ್ತಿತ್ತು. ತೆಗೆಯುವುದು ಕ್ಯಾಟಲಿಸ್ಟಿನ ಕೆಲಸ. ಪಠ್ಯಪುಸ್ತಕದ ಕನ್ನಡದಲ್ಲಿ ಅದಕ್ಕೆ ವೇಗವರ್ಧಕ ಎನ್ನುತ್ತಾರೆ: ತಾನು ಖರ್ಚಾಗದೆ ಇನ್ನೊಬ್ಬರ ಕೆಲಸವನ್ನು ಬೇಗ ಮಾಡಿಸುವ ವಸ್ತು. ಇಂಥವರು ಎಲ್ಲ ಮನೆಗಳಲ್ಲೂ ಒಬ್ಬರಿರುತ್ತಾರೆ, ಸಾಮಾನ್ಯವಾಗಿ ಸೋದರತ್ತೆ.

ಪುಸ್ತಕದಲ್ಲಿ ಓದಿದ್ದ ಕ್ಯಾಟಲಿಸ್ಟನ್ನು ಕೈಯಲ್ಲಿ ಹಿಡಿದ ದಿನ ನನಗೆ ನಗು ಬಂತು. ಬಿಳಿಯ ಪುಡಿಯನ್ನು ಹಿಟ್ಟಿನಂತೆ ಕಲಸಿ, ನಾದಿ, ರಂಧ್ರಗಳ ತಟ್ಟೆಯ ಮೂಲಕ ಒತ್ತಿ ಎಳೆ ತೆಗೆಯುವುದು, ಒಣಗಿಸುವುದು, ಮುರಿಯುವುದು. ಶ್ರಾವಣಕ್ಕೆ ಮುಂಚೆ ಅವ್ವ ಅಂಗಳದಲ್ಲಿ ಶ್ಯಾವಿಗೆ ಒತ್ತುತ್ತಿದ್ದುದು ಇದೇ ರೀತಿ. ಆಮೇಲೆ ಆ ತುಂಡುಗಳಿಗೆ ಲೋಹದ ಲವಣಗಳ ದ್ರಾವಣ ಕುಡಿಸಿ ಕುಲುಮೆಯಲ್ಲಿ ಸುಟ್ಟರೆ ತಿಳಿನೀಲಿ ಬಣ್ಣ ಬರುತ್ತದೆ. ನೀಲಿ ಶ್ಯಾವಿಗೆ! ನಮ್ಮ ಮುಖ್ಯಸ್ಥರಾದ ಶೇಷಾದ್ರಿ ಸರ್ ನಾನು ಮೊದಲ ಸಲ ಒತ್ತಿದ ಶ್ಯಾವಿಗೆಯನ್ನು ಬೆರಳಲ್ಲಿ ಹಿಚುಕಿ, “ಪರ್ವಾಗಿಲ್ಲ ಕಣಮ್ಮ, ಪುಡಿ ಆಗ್ಲಿಲ್ಲ. ರಿಯಾಕ್ಟರಿಗೆ ಹಾಕೋಣ. ಇದು ನಿನ್ನದೇ ಬ್ಯಾಚು, ಕೊನೆ ತನಕ ನೀನೇ ನೋಡ್ಕೋ” ಎಂದರು. ಉಕ್ಕಿನ ಕೊಳವೆಯ ಆ ರಿಯಾಕ್ಟರಿನೊಳಗೆ ನನ್ನ ಕೈಯಾರೆ ಒತ್ತಿದ್ದು ಏನು ಮಾಡೀತು ಎಂಬ ಕುತೂಹಲದಲ್ಲಿ ನನಗೆ ಊಟ ರುಚಿಸುತ್ತಿರಲಿಲ್ಲ. ಹಾಗೆ ನೋಡಿದರೆ ಬೆಂಗಳೂರಿನ ಮೆಸ್ಸಿನ ಸಿಹಿ ಸಾರು ಮೊದಲೇ ರುಚಿಸುತ್ತಿರಲಿಲ್ಲ.

ವಿಚಿತ್ರವೆಂದರೆ ಇದು: ನೀಲಿ ಇರುವಾಗ ಕ್ಯಾಟಲಿಸ್ಟ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಂಧಕವನ್ನು ತೆಗೆಯಬೇಕಾದ ಅದಕ್ಕೆ ಮೊದಲು ಗಂಧಕವನ್ನೇ ಉಣ್ಣಿಸಬೇಕು. ಬಿಸಿಯಲ್ಲಿ, ಹೈಡ್ರೋಜನ್ ಅನಿಲದ ಒತ್ತಡದಲ್ಲಿ, ಗಂಧಕ ತುಂಬಿದ ಒಂದು ದ್ರವವನ್ನು ನಿಧಾನವಾಗಿ ಅದರ ಮೇಲೆ ಹರಿಸಬೇಕು. ಉಂಡು ಉಂಡು ಅದು ಕಪ್ಪಾಗುತ್ತದೆ; ಆಮೇಲೆಯೇ ಡೀಸೆಲ್ಲಿನ ಗಂಧಕಕ್ಕೆ ಕೈ ಹಾಕುತ್ತದೆ. ಆ ದ್ರವದ ವಾಸನೆಯನ್ನು ಹೇಗೆ ಹೇಳಲಿ? ಕೊಳೆತ ಬೆಳ್ಳುಳ್ಳಿಯ ಪಕ್ಕದಲ್ಲಿ ಕೊಳೆತ ಮೊಟ್ಟೆ ಒಡೆದಂತೆ. ಒಂದು ಹನಿ ತೋಳಿಗೆ ತಾಗಿದರೆ ಸಾಕು, ಸೋಪು, ಬಿಸಿನೀರು ಯಾವುದಕ್ಕೂ ಬಗ್ಗುವುದಿಲ್ಲ.

ಅಭ್ಯಾಸಕ್ಕೆಂದು ಹಳೆಯ ಕ್ಯಾಟಲಿಸ್ಟಿನ ಮೇಲೆ ಕೆಲವು ಸಲ ಈ ಕೆಲಸ ಮಾಡಿದೆ. ಮನೆಗೆ ಬಂದು ಬಟ್ಟೆ ಒಗೆದು ಅಂಗಳದ ಹಗ್ಗಕ್ಕೆ ಹಾಕಿದೆ. ಅದೇ ಹಗ್ಗದಲ್ಲಿ ಆಂಟಿಯ ಮಡಿಸೀರೆಯೂ ಒಣಗುತ್ತಿತ್ತು.

ಆಂಟಿ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ. “ನಿಜ ಹೇಳ್ಬಿಡು ಮಹಾದೇವಿ. ಮೊಟ್ಟೆ ಬೇಯಿಸ್ತಿದ್ದೀಯಾ?”

“ಇಲ್ರೀ ಆಂಟಿ! ಅದು ಕೆಲಸದ ವಾಸನಿ. ಡೀಸೆಲ್ಲಿನ ಗಂಧಕದ್ದು.”

“ಡೀಸೆಲ್ ಡೀಸೆಲ್ ವಾಸನೆ ಬರತ್ತೆ. ನನ್ ಮೂಗಿಗೇ ಹೇಳ್ಕೊಡ್ಬೇಡ. ಕೊರಳಲ್ಲಿ ಲಿಂಗ ಕಟ್ಕೊಂಡು ಇಂಥ ಕೆಲ್ಸ ಮಾಡ್ತೀಯಲ್ಲ ತಾಯಿ. ದಸರಾ ಕಳೀಲಿ, ಬೇರೆ ಮನೆ ನೋಡ್ಕೊಂಡ್ಬಿಡು.”

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅವಮಾನವಾಯಿತು. ಮೊಟ್ಟೆ ತಿನ್ನುವವರ ಮೇಲೆ ನನಗೇನೂ ತಕರಾರಿಲ್ಲ. ಆದರೆ ದಿನವೂ ಲಿಂಗಪೂಜೆ ಮಾಡಿ ಹಣೆಗೆ ವಿಭೂತಿ ಹಚ್ಚಿ ಹೊರಡುವವಳನ್ನು ಸುಳ್ಳಿ ಎನ್ನುವುದೆಂದರೆ? ಕೋಣೆಯ ಬಾಗಿಲು ಹಾಕಿ ಅತ್ತೆ. ಆಮೇಲೆ ಎಸ್‌ಟಿಡಿ ಬೂತಿಗೆ ಹೋಗಿ ಊರಿಗೆ ಫೋನು ಮಾಡಿದೆ. ಅಪ್ಪ ಸಮಾಧಾನವಾಗಿಯೇ ಹೇಳಿದರು: “ಮನಿ ಹೊಂದಲಿಲ್ಲಂದ್ರ ಸುಮ್ಮ ವಾಪಸ್ ಬಾರವಾ. ಒಬ್ಬಾಕಿ ಅಲ್ಲಿ ಮನಿ ಮನಿ ತಿರುಗೋದು ಬ್ಯಾಡ. ಇಲ್ಲೇ ಕಾಲೇಜಿನ್ಯಾಗ ಪಾಠ ಹೇಳಾಕ ಬರ್ತದ.” ಅಪ್ಪನ ಸಮಾಧಾನ ಎಂದರೆ ತೀರ್ಮಾನ. ಮನೆ ಹೋದರೆ ಕೆಲಸ ಹೋಯಿತು, ನನ್ನ ನೀಲಿ ಶ್ಯಾವಿಗೆ ಕಪ್ಪಾಗುವುದನ್ನು ಬೇರೆ ಯಾರೋ ನೋಡುತ್ತಾರೆ.

ಹೂಡಿ, ಬ್ರೂಕ್‌ಫೀಲ್ಡ್ ಸುತ್ತಿದೆ. ಒಬ್ಬಳೇ ಹೆಂಗಸೆಂದರೆ ಬಾಗಿಲು ಅರ್ಧ ಮುಚ್ಚುತ್ತಿತ್ತು. ಎಲ್ಲಿ ಕೆಲಸ ಎಂದಾಗ ಕಂಪ್ಯೂಟರಲ್ಲ, ಡೀಸೆಲ್ ಎಂದರೆ ಉಳಿದರ್ಧವೂ ಮುಚ್ಚುತ್ತಿತ್ತು.

ಇಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ದಸರೆ ಎಂದರೆ ಬನ್ನಿ. ಬನ್ನಿ ಎಲೆ ಕೈಗಿತ್ತು, ಬಂಗಾರದಂತೆ ಇರೋಣ ಎಂದು ಹೇಳಿ, ಹಿರಿಯರ ಕಾಲು ಮುಟ್ಟುತ್ತೇವೆ. ಬೆಂಗಳೂರಿನ ಈ ಹೊರವಲಯದಲ್ಲಿ ದಸರೆ ಎಂದರೆ ಯಂತ್ರದ ಹಬ್ಬ. ಪೀಣ್ಯದಿಂದ ವೈಟ್‌ಫೀಲ್ಡಿನವರೆಗೆ ಲೇತುಗಳಿಗೆ, ಲಾರಿಗಳಿಗೆ, ಕೊನೆಗೆ ಕಂಪ್ಯೂಟರುಗಳಿಗೂ ಕುಂಕುಮ, ಬಾಳೆಕಂದು. ಅಂದು ಮನೆಯವರನ್ನೆಲ್ಲ ಕರೆತಂದು ತಾವು ದುಡಿಯುವ ಜಾಗ ತೋರಿಸುವುದು ಇಲ್ಲಿಯ ಪದ್ಧತಿ. ನನಗೆ ಕರೆತರಲು ಯಾರಿದ್ದರು? ಯೋಚಿಸಿ, ಧೈರ್ಯ ಮಾಡಿ ಆಂಟಿಯ ಬಾಗಿಲಿಗೇ ಹೋದೆ. ಆಂಟಿ ಮುಖ ತಿರುಗಿಸಿದರು. ಆದರೆ ಆಯುಧಪೂಜೆ ಎಂಬ ಮಾತು ಕಿವಿಗೆ ಬಿದ್ದದ್ದೇ ರಾಮಚಂದ್ರಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಬಂದರು. “ನಡಿಯೇ ಸರೋಜ. ರಿಟೈರ್ ಆದ್ಮೇಲೆ ಒಬ್ರೂ ಕರೆದಿರ್ಲಿಲ್ಲ ನಮ್ನ.”

ಅಲ್ಲಿ ಬೇರೆಯೇ ರಂಪ ನಡೆದಿತ್ತು. ನನ್ನ ಬ್ಯಾಚಿಗೆ ಗಂಧಕ ಉಣ್ಣಿಸುವ ಕೆಲಸ ಹಿಂದಿನ ದಿನವೇ ಮುಗಿಯಬೇಕಿತ್ತು. ಕರೆಂಟು ಕೈಕೊಟ್ಟು ತಡವಾಗಿ ಶುರುವಾಗಿದ್ದರಿಂದ ಹಬ್ಬದ ದಿನಕ್ಕೂ ಮುಂದುವರಿದಿತ್ತು. ಇಡೀ ಪ್ರಯೋಗಾಲಯ ಹೂ ಮುಡಿದು ವಿಶ್ರಾಂತಿಯಲ್ಲಿದ್ದರೆ ನನ್ನ ರಿಯಾಕ್ಟರೊಂದೇ ಹಾರ ಹಾಕಿಕೊಂಡು ದುಡಿಯುತ್ತಿತ್ತು.

ಗೇಟು ದಾಟಿದ್ದೇ ಆಂಟಿ ಗಕ್ಕನೆ ನಿಂತರು. ಮೂಗು ಅರಳಿತು. ಅಂಗಳದ ಮೂಲೆಯಲ್ಲಿ ಆ ಗಂಧಕದ ದ್ರವವನ್ನು ನಾವು ಖಾಲಿ ಮಾಡಿ ತೊಳೆದಿಟ್ಟ ಕ್ಯಾನು ಗಾಳಿಗೆ ಒಣಗುತ್ತಿತ್ತು. ಅವರು ಒಂದು ಸಲ ಆ ಕ್ಯಾನಿನ ಕಡೆ, ಒಂದು ಸಲ ನನ್ನ ಕಡೆ ನೋಡಿದರು. ಸೆರಗನ್ನು ಮೂಗಿಗೆ ಹಿಡಿದು ನಡೆದರು.

ಗಾಜಿನ ಕಿಟಕಿಯ ಈಚೆ ನಿಂತು ರಿಯಾಕ್ಟರು ತೋರಿಸಿದೆ. ಅದರ ಒತ್ತಡದ ಮಾಪಕದ ಮುಳ್ಳು ಅಲುಗುವುದನ್ನು ಕಂಡ ರಾಮಚಂದ್ರಯ್ಯನವರು ಕೆರಳಿದರು. “ಏನಮ್ಮ ಇದು, ಮಿಷಿನ್ ಓಡ್ತಿದೆ! ಆಯುಧಪೂಜೆ ದಿನ? ನಮ್ ಫ್ಯಾಕ್ಟ್ರಿಲಿ ಮೇನ್ ಸ್ವಿಚ್ಚೇ ಆಫ್ ಮಾಡ್ತಿದ್ವಿ. ನಿಲ್ಸಿ ಮೊದ್ಲು!”

“ನಿಲ್ಲಿಸಾಕ ಬರಂಗಿಲ್ರೀ ಅಂಕಲ್. ಈಗ ಅರ್ಧ ಗಂಧಕ ಉಂಡದ. ನಡುವ ನಿಲ್ಲಿಸಿದ್ರ ಪೂರಾ ಕೆಡ್ತದ.” ಅವರು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಶೇಷಾದ್ರಿ ಸರ್ ಎಲ್ಲಿ ಎಂದು ಹುಡುಕತೊಡಗಿದರು. ನನಗೆ ಅಳು ಬರುವಂತಾಯಿತು. ಮೊಟ್ಟೆಯ ಆರೋಪ ಇತ್ತು, ಈಗ ಹಬ್ಬ ಕೆಡಿಸಿದ ಆರೋಪವೂ ಸೇರಿತು.

ಆಂಟಿ ಸೆರಗು ಸ್ವಲ್ಪ ಇಳಿಸಿ ಕೇಳಿದರು. “ತೆಗೆಯೋದು ಗಂಧಕ ಅಂದೆ. ಮತ್ತೆ ಉಣ್ಸೋದೂ ಅದನ್ನೇನಾ?”

“ಹೌದ್ರೀ. ಹೊಸಾದಕ್ಕ ಮೊದಲು ತಿನ್ನಿಸಬೇಕು. ಅದು ಮೈಗೆ ಹತ್ತಿದ ಮ್ಯಾಲೆ ಕೆಲಸ ಹಿಡೀತದ. ತಿನ್ನಿಸೂಮುಂದನ ಈ ವಾಸನಿ.”

ಆಂಟಿ ಸೆರಗನ್ನು ಪೂರ್ತಿ ಇಳಿಸಿದರು. ಆಮೇಲೆ ಗಂಡನ ಕಡೆ ತಿರುಗಿದರು. “ರೀ, ಸುಮ್ನಿರಿ ಸ್ವಲ್ಪ. ಹೊಸ ದೋಸೆ ಕಾವಲಿ ತಂದ್ರೆ ಏನ್ ಮಾಡ್ತೀವಿ? ಎಣ್ಣೆ ಕುಡಿಸಿ, ಕಾಯಿಸಿ, ಈರುಳ್ಳಿ ಉಜ್ಜಿ ಪಳಗಿಸ್ತೀವಿ. ಮನೆ ತುಂಬಾ ಹೊಗೆ, ಕಮಟು. ಪಳಗಿಸ್ದೆ ಹಿಟ್ಟು ಹುಯ್ದ್ರೆ ದೋಸೆ ಏಳುತ್ತಾ? ಅರ್ಧ ಕಾಯ್ಸಿ ಒಲೆ ಆರಿಸ್ತಾರೇನ್ರೀ ಯಾರಾದ್ರೂ?”

ರಾಮಚಂದ್ರಯ್ಯನವರು ಶೇಷಾದ್ರಿ ಸರ್ ಅವರನ್ನು ಹುಡುಕುವುದು ಬಿಟ್ಟರು. ನನಗಂತೂ ಆ ಮಾತು ಕೇಳಿ ಮೈ ಹಗುರಾಯಿತು. ನಮ್ಮ ಕಡೆ ರೊಟ್ಟಿಯ ಹಂಚಿಗೆ ಎಣ್ಣೆ ಕುಡಿಸುವುದಿಲ್ಲ. ಜೋಳದ ರೊಟ್ಟಿ ಒಣ ಹಂಚಿನ ಮೇಲೆ ತಾನಾಗಿ ಏಳುತ್ತದೆ. ಹೀಗಾಗಿ ಇಷ್ಟು ದಿನ ಆಂಟಿಗೆ ಹೇಳಲು ನನಗೆ ಹೋಲಿಕೆಯೇ ಸಿಕ್ಕಿರಲಿಲ್ಲ.

ಪೂಜೆಗೆ ಎರಡು ಶೀಶೆಗಳನ್ನು ಇಟ್ಟಿದ್ದೆವು: ಒಂದರಲ್ಲಿ ಬಂದ ಹಾಗೆಯೇ ಇದ್ದ ಕಂದು ಡೀಸೆಲ್, ಇನ್ನೊಂದರಲ್ಲಿ ಹಿಂದಿನ ಯಾವುದೋ ಬ್ಯಾಚು ಗಂಧಕ ತೆಗೆದ ತಿಳಿ ಡೀಸೆಲ್. ಆಂಟಿ ಎರಡನ್ನೂ ದೂರದಿಂದಲೇ ಮೂಸಿದರು. ಮೊದಲನೆಯದಕ್ಕೆ ಮುಖ ಕಿವುಚಿದರು. ಎರಡನೆಯದನ್ನು ಮತ್ತೊಮ್ಮೆ ಮೂಸಿದರು. “ಎಣ್ಣೆ ವಾಸನೆ ಇದೆ. ಆ ಘಾಟು ಹೋಗಿದೆ. ಇದನ್ನ ಬಸ್ಸಿಗೆ ಹಾಕ್ತಾರಾ?”

“ಮುಂದ ಒಂದಿನ ಹಾಕ್ತಾರ್ರೀ.”

“ಬೇಗ ಹಾಕ್ಲಿ. ಮೂಗು ಇರೋರ್ಗೆ ಈ ಊರಲ್ಲಿ ಬದುಕೋಕಾಗಲ್ಲ.”

ಬೂದುಗುಂಬಳ ಒಡೆದರು, ಪುರಿ ಹಂಚಿದರು. ಬಸ್ಸಿನಲ್ಲಿ ಹಿಂದಿರುಗುವಾಗ ಆಂಟಿ ಸೆರಗನ್ನು ಮತ್ತೆ ಮೂಗಿಗೆ ಹಿಡಿದು ಕುಳಿತರು. ಮನೆ ಬಿಡಬೇಕೋ ಬೇಡವೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮಾರನೆಯ ದಿನ ಎದ್ದು ನೋಡಿದರೆ ರಾಮಚಂದ್ರಯ್ಯನವರು ಹಿತ್ತಲಲ್ಲಿ ನುಗ್ಗೆ ಮರದಿಂದ ಕಾಂಪೌಂಡಿನ ಮೊಳೆಗೆ ಹೊಸ ಹಗ್ಗ ಬಿಗಿಯುತ್ತಿದ್ದರು. ಆಂಟಿ ಪಕ್ಕದಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದರು. ನನ್ನನ್ನು ಕಂಡು, “ಕೆಲ್ಸದ ಬಟ್ಟೆ ಇನ್ಮೇಲೆ ಇಲ್ಲಿ. ನನ್ ಸೀರೆ ಹತ್ರ ತಂದ್ಯೋ, ನೋಡು” ಎಂದರು. ಕ್ಷಮೆ ಕೇಳಲಿಲ್ಲ. ಸಂಜೆ ಕರೆದು ದೋಸೆ ಹಾಕಿಕೊಟ್ಟರು. ಊರಿಂದ ಅವ್ವ ಪೊಟ್ಟಣದಲ್ಲಿ ಕಳಿಸಿದ್ದ ಬನ್ನಿ ಎಲೆಯನ್ನು ಅವರ ಕೈಗಿತ್ತು ಕಾಲು ಮುಟ್ಟಿದೆ. ಅದನ್ನೂ ಮೂಸಿ ನೋಡಿದರು.

ಆ ಬ್ಯಾಚು ಕಪ್ಪಾಯಿತು. ಅದ್ಭುತವೇನಲ್ಲ, ಆದರೆ ಕೆಲಸ ಮಾಡಿತು. ಆಮೇಲಿನ ದಿನಗಳಲ್ಲಿ ನಾನು ಗೇಟು ತೆರೆಯುವುದಕ್ಕೆ ಮೊದಲೇ ಅಡುಗೆಮನೆಯಿಂದ, “ಬಂದ್ಯಾ? ಹಂಡೆಲಿ ನೀರಿದೆ, ಮೊದ್ಲು ಸ್ನಾನ ಮಾಡು” ಎಂದು ಕೂಗು ಬರುತ್ತಿತ್ತು. ಅವರು ನನ್ನನ್ನು ನೋಡಿರುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದೆ. ಅವ್ವ ಅಪ್ಪಿಕೊಂಡವಳು ಹಾಗೆಯೇ ಹಿಂದೆ ಸರಿದಳು. “ಎವ್ವಾ, ಇದ್ಯಾವ ಊರಿನ ವಾಸನಿ ಹೊತ್ತು ಬಂದೀದಿ?” ಇದ್ದಬದ್ದ ಬಟ್ಟೆಯನ್ನೆಲ್ಲ ಕುದಿಸಿ, ಬಿಸಿಲಿಗೆ ಹಾಕಿ, ನನ್ನ ತಲೆಗೆ ಸೀಗೆಕಾಯಿ ತಿಕ್ಕಿದಳು. ಹೊರಡುವಾಗ ತನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಮಡಚಿ ಕೊಟ್ಟಳು. ಅದಕ್ಕೆ ಕುಸುಬೆ ಎಣ್ಣೆಯ, ಜೋಳದ ಹಿಟ್ಟಿನ, ಅವ್ವನ ವಾಸನೆ.

ಹೂಡಿಗೆ ಬಂದಿಳಿದು ಗೇಟು ತೆರೆದೆ. ಅಡುಗೆಮನೆಯಿಂದ ದನಿ ಬಂತು: “ಯಾರದು?”

“ನಾನ್ರೀ ಆಂಟಿ” ಎಂದೆ.

ಆಂಟಿ ಕೈ ಒರೆಸಿಕೊಳ್ಳುತ್ತ ಹೊರಬಂದರು. “ನೀನಾ! ನಿನ್ ವಾಸ್ನೆನೇ ಇಲ್ವಲ್ಲೇ, ಯಾರೋ ಅಂದ್ಕೊಂಡ್ಬಿಟ್ಟೆ.” ನನ್ನ ಕೈಯಲ್ಲಿದ್ದ ಕೌದಿಯನ್ನು ಮೂಸಿ ತಲೆದೂಗಿದರು. “ಇದು ಚೆನ್ನಾಗಿದೆ. ಪ್ರಯಾಣದಲ್ಲಿ ಮುದುರಿದೆ, ಬಿಸಿಲಿಗೆ ಹಾಕು. ಇದನ್ನ ಮುಂದಿನ ಅಂಗಳದ ಹಗ್ಗಕ್ಕೇ ಹಾಕ್ಬೋದು, ನನ್ ಸೀರೆ ಪಕ್ಕ.”

ಆಯಿತು ಎಂದು ಕೌದಿ ಹೊತ್ತು ಹೊರಟೆ. ಅದನ್ನು ಹರವಿ ಅಂಚು ಎಳೆದು ಸರಿಮಾಡುವಾಗ ಮೇಲಿನಿಂದ ನುಗ್ಗೆಯ ಹೂ ಉದುರಿತು. ನೋಡಿದರೆ ರೂಢಿಯಂತೆ ಅಂಗಳದ ಹಗ್ಗವನ್ನು ದಾಟಿ ಬಂದು, ನಾನು ಹಿತ್ತಲಲ್ಲಿ, ನನ್ನ ಹಗ್ಗದ ಮುಂದೆ ನಿಂತಿದ್ದೆ.