ಮಗ್ಗದ ಚೀಟಿ ಹೊತ್ತು ಹಾರಿದ ಡ್ರೋನು

ತಂಗಿ ತನ್ನ ಡ್ರೋನನ್ನು ನೋಂದಣಿ ಮಾಡಿಸಿಕೊಂಡು ಬಾ ಎಂದು ಕಾಗದಗಳನ್ನು ನನ್ನ ಕೈಗೆ ಕೊಟ್ಟಳು. ನಾನು ಮಾಡಿಸಲಿಲ್ಲ. ಮಾಡಿಸಿದ್ದೇನೆ ಎಂದು ಹೇಳಿದೆ. ಆ ಸುಳ್ಳನ್ನು ಇಟ್ಟುಕೊಂಡೇ ಎರಡು ವರ್ಷಕ್ಕೂ ಮೇಲೆ ಅವಳು ಬಡಿಸಿದ ಅನ್ನ ಉಂಡೆ.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ನಾನು ಏಳನೇ ತರಗತಿಗೆ ಸ್ಕೂಲು ಬಿಟ್ಟು ಮಗ್ಗದ ಮುಂದೆ ನಿಂತವನು. ತಂಗಿ ಪಿಯುಸಿ ಮುಗಿಸಿ ಗಾರ್ಮೆಂಟ್ಸಿಗೆ ಸೇರಿದಳು. ಹೊಲಿದ ಬಟ್ಟೆಯಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ವಾರವಿಡೀ ಟ್ಯೂಬ್‌ಲೈಟಿನ ಕೆಳಗೆ ಕತ್ತು ಬಗ್ಗಿಸಿ ನಿಲ್ಲುವ ಅವಳಿಗೆ ಭಾನುವಾರ ತಲೆಯೆತ್ತಿ ಆಕಾಶ ನೋಡುವ ಆಸೆ. ಮದುವೆ ಫೋಟೊ ತೆಗೆಯುವವರೊಬ್ಬರು ಹಳೆಯ ಡ್ರೋನ್ ಕೊಡುತ್ತಾರೆಂದು ತಿಳಿದು ಅದನ್ನು ಕೊಂಡು ತಂದಳು. ಅಂಗೈಗಿಂತ ಸ್ವಲ್ಪ ದೊಡ್ಡದು. ಹಾರಿದರೆ ಜೇನುನೊಣದ ಹಿಂಡಿನ ಸದ್ದು.

ಅಮ್ಮನಿಗೆ ಆಗಲೇ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತ್ತು. ಅವಳ ತವರು ತ್ಯಾಮಗೊಂಡ್ಲು ಕಡೆಯ ಒಂದು ಹಳ್ಳಿ. ತಂಗಿ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ, ಊರಿನ ಮೇಲೆ ಡ್ರೋನ್ ಹಾರಿಸಿ, ಸಂಜೆಗೆ ವಾಪಸು ಬಂದು ಅದನ್ನೆಲ್ಲ ಟಿವಿಯಲ್ಲಿ ಹಾಕುತ್ತಿದ್ದಳು. ಭಾನುವಾರ ಮಗ್ಗ ನಿಂತಿರುತ್ತದೆ. ಆರು ದಿನ ಮಗ್ಗದ ಸದ್ದು ಕೇಳಿದ ಕಿವಿಗೆ ಆ ಮೌನ ನೀರಿನೊಳಗೆ ಮುಳುಗಿದಂತೆ. ಆ ಮೌನದಲ್ಲಿ ಟಿವಿಯ ಮೇಲೆ ತೆಂಗಿನ ತಲೆಗಳು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. ಕೆರೆ ಬರುತ್ತಿತ್ತು, ಕೆರೆಯೊಳಗೆ ಮೋಡ ಬರುತ್ತಿತ್ತು, ಮೋಡದ ಮೇಲೆ ಒಂದು ಬೆಳ್ಳಕ್ಕಿ ಹಾದು ಹೋಗುತ್ತಿತ್ತು. ಉತ್ತ ಹೊಲದ ಸಾಲುಗಳು ನನಗೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ಹಾಸುನೂಲಿನ ಹಾಗೇ ಕಾಣುತ್ತಿದ್ದವು.

ಅಮ್ಮನಿಗೆ ಮೊದಲ ದಿನ ಯಾವುದೂ ಗುರುತು ಸಿಗಲಿಲ್ಲ. ಹುಟ್ಟಿದ ಮನೆಯನ್ನೇ ಬೇರೆ ಯಾರದೋ ಅಂದಳು. ಆಮೇಲೆ ಹಿತ್ತಲಿನ ಬಾವಿ ಕಂಡಾಗ ಅವಳ ಎಡಗೈ ತಾನಾಗಿ ಮೇಲೆದ್ದಿತು.

"ನೆಲದಿಂದ ನೋಡಿದ್ದೆ ಕಣೇ ನಾನು," ಎಂದಳು ತಂಗಿಗೆ. "ಹಕ್ಕಿಗೆ ನಮ್ಮೂರು ಹಿಂಗೆ ಕಾಣ್ತಿತ್ತಾ?"

ಡ್ರೋನ್ ಕೊಟ್ಟವರು ನೋಂದಣಿ ಮಾಡಿಸಿ ನಂಬರು ಅಂಟಿಸಿಕೊಳ್ಳಬೇಕೆಂದು ಹೇಳಿದ್ದರು. ವಿಮಾನ ನಿಲ್ದಾಣ ಬೇರೆ ಹತ್ತಿರ, ದೇವನಹಳ್ಳಿ ದಿಕ್ಕಿಗೆ ಹೋಗಲೇಬೇಡಿ ಎಂದೂ ಹೇಳಿದ್ದರು. ತಂಗಿಯ ಫ್ಯಾಕ್ಟರಿಯಲ್ಲಿ ಫೋನು ಒಳಗೆ ಬಿಡುವುದಿಲ್ಲ, ಓಟಿಪಿ ಬಂದರೆ ನೋಡುವವರಿಲ್ಲ. ಹಾಗಾಗಿ ನಿನ್ನ ಹೆಸರಲ್ಲೇ, ನಿನ್ನ ಫೋನ್ ನಂಬರಿಗೇ ಮಾಡಿಸು ಎಂದಳು.

ಸೈಬರ್ ಸೆಂಟರಿಗೆ ಹೋದೆ. ಕಂಪ್ಯೂಟರಿನ ಮುಂದಿದ್ದವರು ಪರದೆಯನ್ನು ನನ್ನ ಕಡೆ ತಿರುಗಿಸಿ, ಎಲ್ಲ ಓದಿಕೊಂಡು ಸರಿ ಇದೆಯಾ ಹೇಳಿ ಎಂದರು. ಪೂರ್ತಿ ಇಂಗ್ಲಿಷು. ನನ್ನ ಹಿಂದೆ ಐದಾರು ಜನ ನಿಂತಿದ್ದರು. ಓದಲು ಬರುವುದಿಲ್ಲ ಎನ್ನುವ ಒಂದು ಮಾತು ಬಾಯಿಂದ ಬರಲಿಲ್ಲ. ಆಧಾರ್ ಮರೆತು ಬಂದೆ ಎಂದು ಹೇಳಿ ಹೊರಟುಬಿಟ್ಟೆ. ಆಧಾರ್ ಜೇಬಿನಲ್ಲೇ ಇತ್ತು. ದಾರಿಯಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಮಗ್ಗ ನೋಂದಾಯಿಸಿದ ಮೇಲೆ ತಾನೇ ತಪಾಸಣೆಯವರು ಬಾಗಿಲಿಗೆ ಬಂದದ್ದು, ಆಟದ ಸಾಮಾನಿಗೂ ಸರ್ಕಾರಕ್ಕೆ ಹೆಸರು ಕೊಟ್ಟು ತೊಂದರೆ ಯಾಕೆ?

ನೇಯ್ದ ಪ್ರತಿ ಸೀರೆಯ ಮಡಿಕೆಗೂ ಮಗ್ಗದ ನಂಬರಿನ ಚೀಟಿ ಅಂಟಿಸುವುದು ನಮ್ಮ ಪದ್ಧತಿ. ಎಲ್ಲೋ ಎಳೆ ತಪ್ಪಿದ್ದರೆ ಚೀಟಿ ನೋಡಿ ಸೀರೆಯನ್ನು ಆ ನೇಕಾರನ ಕೈಗೇ ತಂದು ಕೊಡುತ್ತಾರೆ. ಅಪ್ಪ ಬೇರೆ ಮಾಲೀಕರಿಗೆ ನೇಯುತ್ತಿದ್ದ ಕಾಲದ ಅಚ್ಚು ಹಾಕಿದ ಚೀಟಿಗಳು ಪೆಟ್ಟಿಗೆಯಲ್ಲಿ ಉಳಿದಿದ್ದವು. ತಂಗಿ ಅವನ್ನು ಕಂಡಿರಲಿಲ್ಲ. ಒಂದನ್ನು ತೆಗೆದು ಡ್ರೋನಿನ ಹೊಟ್ಟೆಗೆ ಅಂಟಿಸಿದೆ. ಅವಳು ಅದರ ಮೇಲೆ ಬೆರಳಾಡಿಸಿ, "ಇಷ್ಟು ಬೇಗ ಕೊಟ್ಬಿಟ್ರಾ ಅಣ್ಣ?" ಎಂದಳು. ಆ ನಂಬರನ್ನು ಬಾಯಿಪಾಠ ಮಾಡಿಕೊಂಡಳು.

ಒಂದು ಭಾನುವಾರ ಕಾರು ಗೊತ್ತು ಮಾಡಿ ಅಮ್ಮನನ್ನೇ ತವರಿಗೆ ಕರೆದುಕೊಂಡು ಹೋದೆವು. ಸೋದರಮಾವ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ. ತಂಗಿ ಡ್ರೋನನ್ನು ಅಮ್ಮನ ಮುಖದ ಮಟ್ಟದಿಂದಲೇ ಎತ್ತಿದಳು. ಅಮ್ಮ ಅದನ್ನೇ ನೋಡುತ್ತ ನೋಡುತ್ತ ಕತ್ತೆತ್ತಿದಳು, ಎಡಗೈ ಬೀಸಿದಳು, ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಡ್ರೋನ್ ಸಣ್ಣ ಚುಕ್ಕಿಯಾಯಿತು. ಅಷ್ಟರಲ್ಲಿ ಎಲ್ಲಿಂದಲೋ ಗಾಳಿ ಎದ್ದಿತು. ಚುಕ್ಕಿ ತೆಂಗಿನ ತೋಟಗಳ ಮೇಲೆ ತೇಲುತ್ತ ತೇಲುತ್ತ ಬೆಳಕಿನೊಳಗೆ ಕರಗಿತು. ಅಮ್ಮ ನಕ್ಕ ವಿಡಿಯೊ ಅದರೊಳಗಿನ ಕಾರ್ಡಿನಲ್ಲಿತ್ತು.

ಸಂಜೆಯವರೆಗೂ ತೋಟ ತೋಟ ಹುಡುಕಿದೆವು, ಸಿಗಲಿಲ್ಲ. ತಂಗಿ ಅಳಲಿಲ್ಲ. ನಂಬರು ಇದೆಯಲ್ಲ, ಯಾರಿಗೆ ಸಿಕ್ಕರೂ ಅಣ್ಣನಿಗೆ ಫೋನ್ ಬರುತ್ತದೆ ಎಂದು ಅಮ್ಮನಿಗೆ ಸಮಾಧಾನ ಹೇಳಿದಳು. ಅಮ್ಮ ದಿನಾ ನನ್ನನ್ನು ಕೇಳುತ್ತಿದ್ದಳು, ಫೋನ್ ಬಂತೇನಪ್ಪಾ ಎಂದು. ಇನ್ನೂ ಇಲ್ಲಮ್ಮ ಎನ್ನುತ್ತಿದ್ದೆ. ಮೂರು ತಿಂಗಳಿಗೆ ಅಮ್ಮ ತೀರಿಕೊಂಡಳು.

ಅವಳ ತಿಥಿಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಸೋದರಮಾವನ ಫೋನು ಬಂತು. ತಂಗಿ ಕೆಲಸಕ್ಕೆ ಹೋಗಿದ್ದಳು. ಪಕ್ಕದೂರಿನಲ್ಲಿ ಕಾಯಿ ಕೀಳುವವರಿಗೆ ಮರದ ಸುಳಿಯಲ್ಲಿ ಒಂದು ಡ್ರೋನ್ ಸಿಕ್ಕಿದೆಯಂತೆ, ಠಾಣೆಗೆ ಕೊಟ್ಟಿದ್ದಾರಂತೆ. ಪೊಲೀಸರು ಅದರ ಮೇಲಿನ ನಂಬರು ಹುಡುಕಿದರೆ ಎಲ್ಲೂ ಇಲ್ಲವಂತೆ, ಕಳ್ಳ ನಂಬರಿರಬೇಕು ಎನ್ನುತ್ತಿದ್ದಾರಂತೆ. ನಿಮ್ಮದೇನೋ ಎಂದು ಕೇಳಿದ. ಕೇಸು ಹಾಕಿದರೆ, ತಂಗಿಯನ್ನು ಕರೆಸಿದರೆ, ಎಲ್ಲಕ್ಕಿಂತ ಅವಳಿಗೆ ಗೊತ್ತಾದರೆ?

"ನಮ್ದಲ್ಲ ಮಾವ, ನಮ್ದಕ್ಕೆ ನೋಂದಣಿ ಆಗಿರೋ ನಂಬರಿದೆ," ಎಂದೆ. ಮಾವ ನಂಬಿದ.

ಆಮೇಲೆ ಒಂದು ದಿನ ಆ ಠಾಣೆಯ ಗೇಟಿನವರೆಗೂ ಹೋದೆ. ಎದುರಿನ ಅಂಗಡಿಯಲ್ಲಿ ಟೀ ಕುಡಿದು ವಾಪಸು ಬಂದೆ. ಅಷ್ಟೇ ನನ್ನ ಧೈರ್ಯ.

ಮೊನ್ನೆ ನಮ್ಮೂರ ಹೊರಗಿನ ದ್ರಾಕ್ಷಿ ತೋಟವೊಂದರಲ್ಲಿ ಔಷಧಿ ಸಿಂಪಡಿಸುವ ಡ್ರೋನ್ ಹಾರಿಸಿ ತೋರಿಸುವ ಕಾರ್ಯಕ್ರಮವಿತ್ತು. ತಂಗಿ ನನ್ನನ್ನೂ ಕರೆದುಕೊಂಡು ಹೋದಳು. ಬಂದಿದ್ದ ಅಧಿಕಾರಿ, ಸಣ್ಣದಿರಲಿ ದೊಡ್ಡದಿರಲಿ, ಹವ್ಯಾಸಕ್ಕೆ ಹಾರಿಸುವುದೂ ನೋಂದಣಿಯಾಗಬೇಕು ಎಂದರು. ತಂಗಿ ಎದ್ದು ನಿಂತಳು.

"ನಾನು ಮಾಡ್ಸಿದ್ದೆ ಸರ್. ಏನುಪಯೋಗ ಆಯ್ತು? ಕಳೆದೋಗಿ ಎರಡು ವರ್ಷ ಆಯ್ತು, ಒಬ್ರೂ ಫೋನ್ ಮಾಡ್ಲಿಲ್ಲ. ಭಾನುವಾರ ಒಂದ್ಗಳಿಗೆ ಹಾರಿಸಿ ಖುಷಿ ಪಡೋರ ಹತ್ರ ಹೆಸ್ರು ಬರ್ಸ್ಕೊಂಡು ಏನ್ಮಾಡ್ತೀರ?"

ಕೆಲವರು ಚಪ್ಪಾಳೆ ತಟ್ಟಿದರು. ಅಧಿಕಾರಿ ಬೇಸರಪಡದೆ ನಂಬರು ಕೇಳಿದರು. ಅವಳು ಒಂದೇ ಉಸಿರಿಗೆ ಹೇಳಿದಳು. ಅವರು ಬರೆದುಕೊಂಡು ನೋಡಿ ಅಡ್ಡಡ್ಡ ತಲೆಯಾಡಿಸಿದರು.

"ಡ್ರೋನಿಗೆ ಈ ಥರ ನಂಬರ್ ಕೊಡೋದೇ ಇಲ್ಲಮ್ಮ. ಯಾರು ಮಾಡ್ಸಿದ್ದು?"

"ಲೈಟ್ ಬಿಲ್ ನಂಬರ್ ಇರ್ಬೇಕು, ಮನೇಲಿ ಸರಿಯಾಗಿ ನೋಡಮ್ಮ," ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು.

"ನಮ್ಮಣ್ಣ ಮಾಡ್ಸಿದ್ದು," ಎಂದು ತಂಗಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಅನುಮಾನ ಒಂದಿಷ್ಟೂ ಇರಲಿಲ್ಲ. ನಾನು ಎದ್ದು ಸಾಕ್ಷಿ ಹೇಳುತ್ತೇನೆ ಎಂದು ಕಾದಳು. ನಾನು ಏಳಲಿಲ್ಲ.

ವಾಪಸು ಬರುವಾಗ ಸ್ಕೂಟರ್ ಓಡಿಸುತ್ತ ಅವಳು ಸರ್ಕಾರದ ಕಂಪ್ಯೂಟರನ್ನು ಬೈಯುತ್ತಿದ್ದಳು. ಅಣ್ಣ ಮಾಡಿಸಿದ್ದನ್ನೇ ಇಲ್ಲ ಅಂತಾರಲ್ಲ ಎಂದಳು. ಬಿಸಿಲು ಇಳಿದು ಕೆರೆಯ ನೀರು ತೆಳ್ಳಗಿನ ಜರಿಯಂತೆ ಮಿನುಗುತ್ತಿತ್ತು. ಎಲ್ಲವೂ ದೂರದಲ್ಲಿ, ಮೇಲಿನಿಂದ ನೋಡಿದಂತೆ, ಬೇರೆ ಯಾರಿಗೋ ನಡೆಯುತ್ತಿರುವ ಹಾಗಿತ್ತು. ಕೆರೆ ಏರಿಯ ಮೇಲೆ ನಿಲ್ಲಿಸು ಎಂದೆ. ಇಳಿದು, ಅವಳ ಮುಖ ನೋಡಲಾಗದೆ ನೀರು ನೋಡುತ್ತ ಎಲ್ಲ ಹೇಳಿದೆ. ಸೈಬರ್ ಸೆಂಟರು, ಅಪ್ಪನ ಕಾಲದ ಚೀಟಿ, ಮಾವನ ಫೋನು, ಠಾಣೆಯ ಗೇಟು. ನೋಂದಣಿ ಆಗಿದ್ದರೆ ಅವತ್ತೇ ನನ್ನ ಫೋನಿಗೆ ಕರೆ ಬರುತ್ತಿತ್ತು ಎಂದೂ ಹೇಳಿದೆ.

ಅವಳು ಸ್ಕೂಟರಿನ ಕೀಲಿ ತೆಗೆದು ಇಳಿದಳು. ಆಮೇಲೆ ಒಂದೇ ಕೇಳಿದಳು.

"ಅಮ್ಮ ನಕ್ಕಿದ್ದು ಅದ್ರಲ್ಲೇ ಇತ್ತಲ್ಲಣ್ಣ?"

"ಅದ್ರಲ್ಲೇ ಇತ್ತು ಕಣವ್ವ. ಅದು ಇನ್ನೂ ಅಲ್ಲಿದ್ಯೋ ಇಲ್ವೋ ಗೊತ್ತಿಲ್ಲ. ನಾಳೆ ನಾನೇ ಸ್ಟೇಷನ್ನಿಗೆ ಹೋಗಿ ಕಳ್ಳ ನಂಬರ್ ಅಂಟಿಸ್ದೋನು ನಾನೇ ಅಂತ ಹೇಳ್ತೀನಿ, ಏನ್ ಬೇಕಾದ್ರೂ ಮಾಡ್ಲಿ. ಓದೋಕೆ ಬರಲ್ಲ ಅನ್ನೋಕೆ ನಾಚ್ಕೊಂಡು ಅಮ್ಮನ್ನೂ ಕಾಯಿಸ್ದೆ, ನಿನ್ನನ್ನೂ ಅಷ್ಟು ಜನರ ಮುಂದೆ ಸುಳ್ಳಿ ಮಾಡ್ದೆ. ತಪ್ಪಾಯ್ತು ಕಣವ್ವ. ನಂದೇ ತಪ್ಪು. ಕ್ಷಮಿಸ್ಬಿಡು."