ಅರಿವಳಿಕೆ ಡಾಕ್ಟರರ ಭಾಷಣ

ಲಂಡನ್ನಿನ ಇಲ್ಫರ್ಡಿನಲ್ಲಿದ್ದ ಡಾಕ್ಟರ್ ಮಧುಸೂದನ್ ಅರಿವಳಿಕೆ ತಜ್ಞರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಜನರನ್ನು ಮಲಗಿಸುತ್ತಿದ್ದರು. ಕನ್ನಡ ಕೂಟದಲ್ಲಿ ಆ ಸೂಜಿಯ ಖರ್ಚೂ ಇರಲಿಲ್ಲ. ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ಮೈಕು ಸಿಕ್ಕರೆ ಧಾರವಾಡದ ಬಾಲ್ಯದಿಂದಲೇ ಶುರು. ಅವರು ಮೆಡಿಕಲ್ ಕಾಲೇಜು ಸೇರುವಷ್ಟರಲ್ಲಿ ಅರ್ಧ ಸಭೆ ಊಟದ ಸಾಲಿನಲ್ಲಿರುತ್ತಿತ್ತು. ಉಳಿದವರು ಮೊಣಕಾಲು ನೋವಿನ ಮುದುಕರು. ಅವರ ಮೌನವನ್ನು ಡಾಕ್ಟರರು ತಲ್ಲೀನತೆ ಎಂದೇ ನಂಬಿದ್ದರು.

ಮಗಳು ಇಂಚರಾಳ ಮದುವೆ ಗೊತ್ತಾಯಿತು. ಇಲ್ಲಿಯ ಪದ್ಧತಿಯಂತೆ ಆರತಕ್ಷತೆಯಲ್ಲಿ ವಧುವಿನ ತಂದೆ ಮಾತಾಡಬೇಕು. ಡಾಕ್ಟರರು ಹಾಳೆಗಟ್ಟಲೆ ಬರೆದರು. ಮಗಳು ಮಾತ್ರ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಳು: ಭಾಷಣ ವಾಸು ಮಾಮಾ ಮಾಡುತ್ತಾನೆ, ನೀವು ಆರಾಮವಾಗಿ ಕೂತಿರಿ.

ಮಗಳ ಮದುವೆಯಲ್ಲಿ ತಂದೆಗೇ ಬಾಯಿ ಇಲ್ಲವೆಂದರೆ ಇನ್ನೇನು ಉಳಿಯಿತು? ಡಾಕ್ಟರರಿಗೆ ಅನ್ನ ಸೇರಲಿಲ್ಲ. ಹೆಂಡತಿ ಶ್ರೀಲತಾ ಸಮಾಧಾನದ ಗೋಜಿಗೇ ಹೋಗಲಿಲ್ಲ.

"ಆಪರೇಷನ್ನಿಗೆ ಮೊದಲ, ಪೇಷಂಟ್ ಹತ್ರ ಕೂತು, ಯಾವಾಗ ಉಂಡ್ರಿ, ಏನರೆ ಅಂಜಿಕಿ ಅದ ಏನು ಅಂತ ಕೇಳ್ತೀರಿ. ಭಾಷಣಕ್ಕ ಮೊದಲ ನಮ್ಮನ್ನ ಒಮ್ಮೆರೆ ಕೇಳೀರೇನ್ರೀ?"

ಮಾತು ನಾಟಿತು. ಈ ಸಲ ಮೊದಲು ಕೇಳುತ್ತೇನೆ, ಆಮೇಲೆ ಮಾತಾಡುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟರು. ಹಾಗೆ ಎಲ್ಲರನ್ನೂ ಕೇಳಿಯೇ ಮಾತಾಡುವುದಾದರೆ ಆಗಲಿ ಎಂದು ಮಗಳೂ ಒಪ್ಪಿದಳು.

ಮದುವೆಯ ದಿನ ಸೂಟು ತೊಟ್ಟ ಡಾಕ್ಟರರು ಸಭಾಂಗಣದಲ್ಲಿ ಟೇಬಲಿನಿಂದ ಟೇಬಲಿಗೆ ಸುತ್ತು ಹೊರಟರು, ಥೇಟ್ ವಾರ್ಡಿನ ಗತ್ತು. ಕೊನೆಗೆ ಉಂಡದ್ದು ಯಾವಾಗ ಎಂದರೆ ವರನ ಅಜ್ಜಿ, ಬೆಳಗಿನ ಕಾಫಿ ಬಿಟ್ಟರೆ ಏನೂ ಇಲ್ಲ ಎಂದರು. ಏನಾದರೂ ಭಯವೇ ಎಂದರೆ ವರನ ಇಂಗ್ಲಿಷ್ ಗೆಳೆಯರು, ಕೊನೆಯ ಟ್ರೇನ್ ತಪ್ಪುವ ಭಯ ಎಂದರು. ಅಲರ್ಜಿ ಏನಾದರೂ ಇದೆಯೇ ಎಂದು ಹೆಂಡತಿಯ ತಮ್ಮ ವಾಸುವನ್ನು ಕೇಳಿದರೆ, ಇದೆ, ನಿಮ್ಮ ಬಾಲ್ಯ, ಎಂದ. ಡಾಕ್ಟರರು ಅದನ್ನೂ ನುಂಗಿಕೊಂಡರು.

ಕೊನೆಗೆ ಮಗಳ ಬಳಿ ಬಂದರು. "ನಿನಗೇನರೆ ಅಂಜಿಕಿ ಅದ ಏನವ್ವಾ?"

"ಅಪ್ಪಾ, ನೀವು ಅಷ್ಟು ಮಾತಾಡ್ತೀರಿ. ಅದ್ರಾಗ ನಾ ಎಲ್ಲೂ ಬರೋದೇ ಇಲ್ಲ."

ಡಾಕ್ಟರರು ಗೋಡೆಯ ಬದಿಗೆ ಸರಿದು ಹಾಳೆ ತಿರುವಿದರು. ಪ್ರೊಫೆಸರರಿದ್ದರು, ಮೊದಲ ಹಿಮವಿತ್ತು, ಮೊದಲ ಕಾರಿತ್ತು. ಮಗಳಿರಲಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಮೊದಲು ಎಲ್ಲರಿಗೂ ಊಟ ಹಾಕಿಸಿದರು. ಆಮೇಲೆ ಬರಿಗೈಯಲ್ಲಿ ಮೈಕು ಹಿಡಿದರು.

"ಕೆಲಸಕ್ಕ ಸೇರಿದಾಗಿಂದ ಎಲ್ಲಾರ್ನೂ ಮಲಗಿಸೀನಿ. ನನ್ನ ಮಗಳು ಇಕಿ ಒಬ್ಬಾಕಿನ್ನ ಮಲಗಿಸಲಿಕ್ಕೆ ಆಗಲಿಲ್ಲ. ರಾತ್ರಿಪೂರ್ತಿ ಹೆಗಲ ಮ್ಯಾಲೆ ಹಾಕ್ಕೊಂಡು ಅಡ್ಡಾಡೀನಿ. ಇನ್ನ ಮನ್ಯಾಗ ಇಕಿ ಇರೋದಿಲ್ಲ, ನನಗ ನಿದ್ದಿ ಬರೋದಿಲ್ಲ."

ಅದನ್ನೇ ಇಂಗ್ಲಿಷಿನಲ್ಲೂ ಹೇಳಿ ಕೂತುಬಿಟ್ಟರು. ಇಂಚರಾ ಮೇಕಪ್ ಕೆಟ್ಟರೂ ಲೆಕ್ಕಿಸದೆ ಅತ್ತಳು. ಸಭೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಡಾಕ್ಟರರನ್ನು ಬಲ್ಲವರೆಲ್ಲ ಇದು ಪೀಠಿಕೆ ಎಂದುಕೊಂಡು, ಕುರ್ಚಿಯಲ್ಲಿ ಸರಿಯಾಗಿ ಒರಗಿ, ಆಗಲೇ ಕಣ್ಣು ಮುಚ್ಚಿದ್ದರು.