ಜಟ್ಟೆಮ್ಮನ ಒಡ್ಡು

ಗರುಡಾಚಾರ್‌ಪಾಳ್ಯದ ಹಿಂದೆ, ಕೆರೆಯತ್ತ ಇಳಿಯುವ ಹೊಲದಲ್ಲಿ ಜಟ್ಟೆಮ್ಮ ಸೊಪ್ಪು ಬೆಳೆಯುತ್ತಾಳೆ. ಅವಳ ಊರು ದೂರದ ಯಾದಗಿರಿ ಕಡೆ. ಹೊಲ ಮಾತ್ರ ಜೋಗುಪಾಳ್ಯದ ಅನಂತರಾಮು ಅವರದು. ಕಾರ್ಖಾನೆ ಕೆಲಸದಿಂದ ನಿವೃತ್ತರಾದ ಅವರು ಅದನ್ನು ಅವಳಿಗೆ ಗುತ್ತಿಗೆಗೆ ಕೊಟ್ಟಿದ್ದರು. ಮೇಲ್ಗಡೆ ಲೇಔಟ್ ಎದ್ದು ಕಾಂಕ್ರೀಟ್ ಹಾಸಿದ ಮೇಲೆ ಮಳೆನೀರೆಲ್ಲ ಈ ಇಳಿಜಾರಿಗೇ ನುಗ್ಗತೊಡಗಿತು. ಹೋದ ಮುಂಗಾರಿನಲ್ಲಿ ದಂಟಿನ ಬೀಜ, ಗೊಬ್ಬರ, ಮೇಲ್ಮಣ್ಣು ಒಂದೇ ರಭಸಕ್ಕೆ ಕೆರೆ ಸೇರಿ, ಅಡಿಯ ಗರಸುಕಲ್ಲು ಹಲ್ಲು ಕಿರಿದುಕೊಂಡು ಉಳಿದಿತ್ತು.

ಇನ್ನೊಂದು ಮಳೆಗಾಲ ಹೀಗೇ ಹೋದರೆ ಬಿತ್ತಲು ಮಣ್ಣೇ ಇರುವುದಿಲ್ಲ ಎಂದು ಅವಳಿಗೆ ದಿಗಿಲು. ಗಂಡ ಚಂದ್ರಾಮಪ್ಪ ಹಳೇ ಮನೆ ಕೆಡವುವ ಕೆಲಸದವನು. ಅಲ್ಲಿನ ಕಲ್ಲನ್ನು ಸಂಜೆ ಸಂಜೆ ಹೊತ್ತು ತಂದು ಇಬ್ಬರೂ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿದರು. ಹಿಂಗಾರಿನ ಮಳೆಗೆ ಅದರ ಹಿಂದೆ ಮೆತ್ತನೆಯ ಮಣ್ಣು ಬಂದು ನಿಂತಿತು. ಆ ಹಿಗ್ಗಿಗೆ ಎಳ್ಳ ಅಮಾಸೆಯ ದಿನ, ಊರಲ್ಲಿ ಮಾಡುವಂತೆಯೇ, ಒಡ್ಡಿನ ಮೇಲೆ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಕುಂಕುಮವಿಟ್ಟು, ಭೂಮಿತಾಯಿಗೆ ಎಡೆಯೆಂದು ಹೊಲಕ್ಕೆಲ್ಲ ಕಡುಬು ಭಜ್ಜಿಯ ಚರಗ ಚೆಲ್ಲಿದಳು. ಎಡವಟ್ಟಾದದ್ದು ಅಲ್ಲೇ.

ಬೇಸಿಗೆಯಲ್ಲಿ ಹೊಲ ನೋಡಲು ಬಂದ ಅನಂತರಾಮು ಸ್ಕೂಟರಿನಿಂದ ಇಳಿಯುತ್ತಲೇ ನಿಂತುಬಿಟ್ಟರು.

“ಏನಮ್ಮ ಇದು, ದೇವಸ್ಥಾನ ಕಟ್ತಿದೀಯಾ?”

“ಇಲ್ರೀ ಸಾಹೇಬ್ರ, ಪಾಂಡವ್ರು. ಪೂಜಿ ಮುಗದದ. ಈಗ ಬರೇ ಕಲ್ಲ್ರೀ.”

“ನಿಮ್ಮೂರಲ್ಲಿ ಬರೀ ಕಲ್ಲು. ಇಲ್ಲಿ ಇವತ್ತು ಕುಂಕುಮ, ನಾಳೆ ತಗಡಿನ ಶೀಟು, ನಾಡಿದ್ದು ಟ್ರಸ್ಟು. ನಮ್ಮ ಜೊತೆ ಕೆಲಸಕ್ಕಿದ್ದೋರ ಸೈಟು ಹಾಗೇ ಹೋಯ್ತು. ಇನ್ನೂ ಕೋರ್ಟಿಗೆ ಅಲೀತಿದಾರೆ.”

ಜಟ್ಟೆಮ್ಮ ಮಾತು ಬೆಳೆಸದೆ ಐದೂ ಕಲ್ಲನ್ನು ಕಿತ್ತು, ಕುಂಕುಮ ತೊಳೆದು, ಬೇಲಿಯಾಚೆ ಇಟ್ಟು ಬಂದಳು. ಅಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ.

“ಒಡ್ಡೂ ತೆಗಿ.”

“ಹಂಗನಬ್ಯಾಡ್ರಿ. ಮಣ್ಣು ನಿಮ್ದ ಅದ. ಹರದು ಹೋದ್ರ ನಿಮ್ದ ಹೋಗ್ತದ.”

“ಗೊತ್ತಮ್ಮ. ನಮ್ಮಪ್ಪನೂ ಇಲ್ಲೇ ಬದು ಹಾಕ್ತಿದ್ರು, ನಾನೇ ಮಣ್ಣು ಹೊತ್ತಿದೀನಿ. ಮಣ್ಣು ಹೋದ್ರೆ ಲೋಡ್ ತರಿಸ್ಬೋದು, ಜಾಗ ಹೋದ್ರೆ? ಕಲ್ಲು ಕಟ್ಟಿದೋರು ನಾಳೆ ನಮ್ದು ಅಂತಾರೆ. ನೀನು ಅನ್ನಲ್ಲ, ಸರಿ. ನಿನ್ನ ಗಂಡ?”

“ಗುಡ್ಯಾಗ ಅವನ ಚಪ್ಪಲಿ ಯಾರರ ಹಾಕ್ಕೊಂಡು ಹೋದ್ರೂ ನಂದು ಅನ್ನಾಂವಲ್ಲರೀ ಅವ.”

ಅನಂತರಾಮು ನಕ್ಕರು. ಆದರೆ ನೀವೇ ತೆಗೆಯದಿದ್ದರೆ ಸೋಮವಾರ ಜೆಸಿಬಿ ಕಳಿಸುತ್ತೇನೆಂದು ಹೇಳಿಯೇ ಹೊರಟರು.

ಜೆಸಿಬಿ ಬಂದರೆ ಒಡ್ಡಿನ ಜೊತೆಗೆ ನಿಂತ ಮಣ್ಣನ್ನೂ ಬಾಚಿಬಿಡುತ್ತದೆ. ಅದಕ್ಕೇ ಗಂಡಹೆಂಡತಿ ತಾವೇ ಕಲ್ಲು ಕಿತ್ತು ರಸ್ತೆ ಬದಿಗೆ ಹಾಕಿದರು. ಖಾಲಿಯಾದ ಗೆರೆಗುಂಟ ಜಟ್ಟೆಮ್ಮ ದಂಟಿನ ಕಡ್ಡಿ, ಒಣಹುಲ್ಲು ಹಾಸಿದಳು. ಅದು ಜಾರದಂತೆ ಗೂಟ ಬಡಿಯಲು ಹೋದವಳು, ಗೂಟ ಕಂಡರೆ ಇನ್ನೇನನ್ನುತ್ತಾರೋ ಎಂದು ಕೈ ತಡೆದು, ಮೇಲೆ ಮಣ್ಣೆಳೆದು ತುಳಿದಳು.

ಮೊದಲ ಮಳೆ ಮಟಮಟ ಮಧ್ಯಾಹ್ನವೇ ಬಂತು. ಲೇಔಟಿನ ನೀರು ಹುಲ್ಲನ್ನು ಚಾಪೆಯಂತೆ ಎತ್ತಿತು. ಜಟ್ಟೆಮ್ಮ ಕೆಂಪು ನೀರಿನಲ್ಲಿ ಮೊಣಕಾಲೂರಿ ಸಿಕ್ಕಷ್ಟನ್ನು ಒತ್ತಿ ಹಿಡಿದಳು. ಹಿಡಿದಲ್ಲಿ ಮಣ್ಣು ನಿಂತಿತು, ಪಕ್ಕದಲ್ಲಿ ಕೊರೆಯಿತು.

ಮಳೆ ಬಿಟ್ಟ ಮೇಲೆ ಅನಂತರಾಮು ಫೋನು ಮಾಡಿದರು.

“ಮಣ್ಣು ನಿಂತ್ಕೊಂಡ್ತಾ?”

“ಅರ್ಧ ಹೋತ್ರಿ.”

“ಲಾವಂಚದ ಬುಡ ತಂದು ಸಾಲಾಗಿ ನೆಡು, ಬೇರು ಮಣ್ಣು ಹಿಡಿಯತ್ತೆ. ಹುಲ್ಲಿಗೆ ನನ್ನ ತಕರಾರಿಲ್ಲ” ಎಂದರು.

“ಅದು ಬೇರು ಬಿಡೂತನ ಮಳಿ ಕಾಯ್ತದೇನ್ರೀ?”

ಫೋನು ಇಟ್ಟು ಜಟ್ಟೆಮ್ಮ ಸೀರೆ ಹಿಂಡಿಕೊಂಡು, ಉಳಿದ ಮಣ್ಣಿನಲ್ಲಿ ಲಾವಂಚಕ್ಕೆ ಸಾಲು ತೆಗೆಯತೊಡಗಿದಳು. ಲೇಔಟಿನ ಮೇಲೆ ಮೋಡ ಮತ್ತೆ ಕಪ್ಪಾಗುತ್ತಿತ್ತು.